ದೂರದ ಸೈಕಲ್ ಸವಾರಿ: ಬಾಟಲಿಗೆ ಏನು ತುಂಬಬೇಕು, ಎಷ್ಟು ತುಂಬಬೇಕು?

ದೂರದ ಸೈಕಲ್ ಸವಾರಿಯ ಆಹಾರದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರ್ಬೋಹೈಡ್ರೇಟ್ ಪಾನೀಯಗಳ ಕುರಿತೇ ಇದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಅದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಬರೆದವರ ಹೆಸರಿನ ಬದಲು ಊರಿನ ಹೆಸರು ಕೊಟ್ಟಿದ್ದೇನೆ.

ಪ್ರಶ್ನೆ: ಕಳೆದ ತಿಂಗಳು ಮೊದಲ ಬಾರಿಗೆ 200 ಕಿಲೋಮೀಟರ್ ಬ್ರೆವೆಗೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹೋಗಿದ್ದೆ. ಬೆಳಿಗ್ಗೆ ಹೊಟ್ಟೆ ತುಂಬ ಇಡ್ಲಿ ತಿಂದಿದ್ದೆ, ಎರಡೂ ಬಾಟಲಿಗಳಿಗೆ ಎಲೆಕ್ಟ್ರೋಲೈಟ್ ಮಾತ್ರೆ ಹಾಕಿಕೊಂಡಿದ್ದೆ, ಬಾಯಾರಲು ಬಿಟ್ಟಿರಲಿಲ್ಲ. ಆದರೂ 130 ಕಿಲೋಮೀಟರ್ ದಾಟಿದ ಮೇಲೆ ಕಾಲಿನಲ್ಲಿ ಬಲವೇ ಉಳಿಯಲಿಲ್ಲ, ಕೈ ನಡುಗಿತು, ಕಾರಣವಿಲ್ಲದೆ ಅಳು ಬಂತು. ತಪ್ಪಾದದ್ದು ಎಲ್ಲಿ? (ತುಮಕೂರು)

ಉತ್ತರ: ನಿಮ್ಮ ಬಾಟಲಿಯಲ್ಲಿ ನೀರಿತ್ತು, ಉಪ್ಪಿತ್ತು, ಶಕ್ತಿ ಇರಲಿಲ್ಲ. ನೀರಿಗೆ ಹಾಕಿದರೆ ನೊರೆಯೆದ್ದು ಕರಗುವ ಆ ಮಾತ್ರೆಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳಿರುತ್ತವೆ. ಕಾರ್ಬೋಹೈಡ್ರೇಟ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಪೊಟ್ಟಣದ ಮೇಲೆ ಓಡುವವರ, ಸೈಕಲ್ ತುಳಿಯುವವರ ಚಿತ್ರವಿರುವುದರಿಂದ ಅನೇಕರು ಅದನ್ನೇ ಶಕ್ತಿಯ ಮೂಲವೆಂದು ತಿಳಿದುಬಿಡುತ್ತಾರೆ. ನನಗೆ ಬರುವ ಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇದು.

ನಮ್ಮ ದೇಹ ಕಾರ್ಬೋಹೈಡ್ರೇಟನ್ನು ಗ್ಲೈಕೋಜೆನ್ ರೂಪದಲ್ಲಿ ಕೂಡಿಡುತ್ತದೆ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ ಹಿಡಿಯುತ್ತದೆ. ಒಂದು ಗ್ರಾಂಗೆ 4 ಕಿಲೋಕ್ಯಾಲೊರಿಯಂತೆ ಒಟ್ಟು ದಾಸ್ತಾನು 2,000 ಕಿಲೋಕ್ಯಾಲೊರಿಯ ಆಸುಪಾಸಿನಲ್ಲಿರುತ್ತದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಸಾಧಾರಣ ತೂಕದ ಸವಾರರಿಗೆ ಗಂಟೆಯೊಂದಕ್ಕೆ 400ರಿಂದ 500 ಕಿಲೋಕ್ಯಾಲೊರಿ ಖರ್ಚಾಗುತ್ತದೆ. ಅದರಲ್ಲೊಂದು ಪಾಲನ್ನು ಕೊಬ್ಬು ಒದಗಿಸುತ್ತದೆಯಾದರೂ ಕೊಬ್ಬು ಉರಿಯುವುದು ನಿಧಾನ. ಏರು ಬಂದಾಗ, ಎದುರುಗಾಳಿ ಹೊಡೆದಾಗ, ಮುಂದಿನ ಗುಂಪನ್ನು ಹಿಡಿಯಲು ಜೋರಾಗಿ ತುಳಿದಾಗ ದೇಹ ಗ್ಲೈಕೋಜೆನ್ನಿಗೇ ಕೈಹಾಕುತ್ತದೆ. ಏನೂ ತುಂಬಿಕೊಳ್ಳದೆ ಆರೇಳು ಗಂಟೆ ತುಳಿದರೆ ಬೆಳಗಿನ ಇಡ್ಲಿಯೂ ಸೇರಿದಂತೆ ದಾಸ್ತಾನು ತಳ ಕಾಣುವುದು ಸಹಜ. ಇನ್ನು ಕೈನಡುಕ ಮತ್ತು ಅಳು: ರಕ್ತದಲ್ಲಿನ ಗ್ಲೂಕೋಸ್ ಇಳಿಯದಂತೆ ನೋಡಿಕೊಳ್ಳುವುದು ಪಿತ್ತಜನಕಾಂಗ, ಆ ಗ್ಲೂಕೋಸನ್ನೇ ನೆಚ್ಚಿಕೊಂಡಿರುವುದು ಮಿದುಳು. ಹಾಗಾಗಿ ಅದನ್ನು ಮನೋದೌರ್ಬಲ್ಯವೆಂದು ಭಾವಿಸಬೇಡಿ. ಸೈಕಲ್ ಸವಾರರು 'ಬಾಂಕ್' ಎಂದು ಕರೆಯುವ ಸ್ಥಿತಿ ಇದು, ಇದಕ್ಕೆ ದೊಡ್ಡವರೂ ಹೊರತಲ್ಲ. 2013ರ ಟೂರ್ ಡ ಫ್ರಾನ್ಸ್‌ನಲ್ಲಿ ಆಲ್ಪ್ ದ್ಯುಯೆಜ್ ಎಂಬ ಪರ್ವತದ ದಾರಿ ಏರುವಾಗ ಮುಂಚೂಣಿಯಲ್ಲಿದ್ದ ಕ್ರಿಸ್ ಫ್ರೂಮ್ ಶಕ್ತಿ ಕುಸಿದು, ಆಹಾರ ಪಡೆಯಲು ಅವಕಾಶವಿಲ್ಲದ ಕೊನೆಯ ಕಿಲೋಮೀಟರುಗಳಲ್ಲಿ ಸಹಸವಾರ ರಿಚಿ ಪೋರ್ಟ್ ತಂದುಕೊಟ್ಟ ಸಕ್ಕರೆಯ ಜೆಲ್ ತೆಗೆದುಕೊಂಡರು. ಅದಕ್ಕಾಗಿ 20 ಸೆಕೆಂಡುಗಳ ದಂಡ ತೆತ್ತರು. ಆ ವರ್ಷದ ಟೂರ್ ಗೆದ್ದವರೂ ಅವರೇ.

ನನ್ನ ಮೊದಲ 300 ಕಿಲೋಮೀಟರ್ ಸವಾರಿಯಲ್ಲಿ ನನಗೂ ಹೀಗೆಯೇ ಆಗಿತ್ತು. ಶಿರಾ ಹತ್ತಿರ ಹೆದ್ದಾರಿಯ ಪಕ್ಕದ ಕಟ್ಟೆಯೊಂದರ ಮೇಲೆ ಕುಳಿತು ಕಡಲೆಮಿಠಾಯಿಯ ಪೊಟ್ಟಣ ಹರಿಯಲು ನೋಡಿದರೆ ಬೆರಳುಗಳಿಗೆ ಪ್ಲಾಸ್ಟಿಕ್ ಹರಿಯುವಷ್ಟೂ ಶಕ್ತಿ ಇರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿಯುವಾಗ ಅರ್ಧ ಮಿಠಾಯಿ ಮಣ್ಣುಪಾಲಾಯಿತು. ಪಕ್ಕದ ಚಹಾದಂಗಡಿಯ ಅಮ್ಮ ನನ್ನ ಮುಖ ನೋಡಿ, ಕೇಳದೆಯೇ ಮೂರು ಚಮಚ ಸಕ್ಕರೆ ಹಾಕಿದ ಚಹಾ ಮತ್ತು ಎರಡು ಬನ್ನು ತಂದಿಟ್ಟರು. ಇಪ್ಪತ್ತು ನಿಮಿಷದಲ್ಲಿ ಕೈ ಸ್ವಾಧೀನಕ್ಕೆ ಬಂತು. ಆದರೆ ಹಾಗೆ ಒಮ್ಮೆ ಬರಿದಾದ ಮೇಲೆ ಆ ದಿನದ ಮಟ್ಟಿಗೆ ಪೂರ್ತಿ ಚೇತರಿಕೆ ಆಗುವುದಿಲ್ಲ, ಅದೇ ಕಾರಣಕ್ಕೆ ಹಸಿವಾಗುವ ತನಕ ಕಾಯಬಾರದು.

1986ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ನುರಿತ ಸೈಕಲ್ ಸವಾರರು ಸಿಹಿಯ ರುಚಿ ಮಾತ್ರ ಇದ್ದ ನೀರು ಕುಡಿದು ಸುಮಾರು ಮೂರು ಗಂಟೆ ತುಳಿದು ಸೋತರೆ, ಕಾರ್ಬೋಹೈಡ್ರೇಟ್ ಪಾನೀಯವನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಕುಡಿದ ದಿನ ಅದೇ ಶ್ರಮವನ್ನು ಸುಮಾರು ನಾಲ್ಕು ಗಂಟೆ ಮುಂದುವರಿಸಿದರು. ಆ ಒಂದು ಗಂಟೆಯೇ ನಿಮ್ಮ ಪ್ರಶ್ನೆಗೆ ಉತ್ತರ. ಮುಂದಿನ ಬ್ರೆವೆಯಲ್ಲಿ ಹೊರಟ ಮೊದಲ ಅರ್ಧ ಗಂಟೆಯೊಳಗೇ ಆರಂಭಿಸಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕಿನಂತೆ, ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುವಂತೆ ನೋಡಿಕೊಳ್ಳಿ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆಯ ಕಾಲಾವಕಾಶವಿರುವ ಬ್ರೆವೆಯ ವೇಗಕ್ಕೆ ಇಷ್ಟು ಸಾಕು.

ಪ್ರಶ್ನೆ: ಸೈಕಲ್ ಅಂಗಡಿಯಲ್ಲಿ ಸಿಗುವ ಕಾರ್ಬೋಹೈಡ್ರೇಟ್ ಪುಡಿಗಳ ಬೆಲೆ ನನ್ನಂಥ ವಿದ್ಯಾರ್ಥಿಗೆ ನಿಲುಕುವುದಿಲ್ಲ. ಮನೆಯ ಸಕ್ಕರೆಯಿಂದ ಅಂಥದ್ದೇ ಪಾನೀಯ ಮಾಡಿಕೊಳ್ಳಬಹುದೇ? ಸಕ್ಕರೆ 'ಕೆಟ್ಟದ್ದು' ಎನ್ನುತ್ತಾರಲ್ಲ? (ಮೈಸೂರು)

ಉತ್ತರ: ಖಂಡಿತ ಮಾಡಿಕೊಳ್ಳಬಹುದು, ಮತ್ತು ನಾನು ಹತ್ತು ಸವಾರಿಗಳಲ್ಲಿ ಒಂಬತ್ತಕ್ಕೆ ಅದನ್ನೇ ಒಯ್ಯುತ್ತೇನೆ. ಕುರ್ಚಿಯಲ್ಲಿ ಕುಳಿತವರಿಗೆ ಬೇಡದ ಸಕ್ಕರೆ, ನಾಲ್ಕು ಗಂಟೆಯಿಂದ ಪೆಡಲ್ ತುಳಿಯುತ್ತಿರುವವರ ಸ್ನಾಯುವಿಗೆ ನೇರ ಇಂಧನ.

ಕಾರಣ ತಿಳಿಯಬೇಕಾದರೆ ಸಣ್ಣಕರುಳಿನ ಒಳಗೋಡೆಯತ್ತ ನೋಡಬೇಕು. ಗ್ಲೂಕೋಸ್ ಅಲ್ಲಿಂದ ರಕ್ತಕ್ಕೆ ದಾಟುವುದು ಒಂದು ಬಗೆಯ ಬಾಗಿಲಿನಿಂದ. ಅದಕ್ಕೆ ಎಸ್‌ಜಿಎಲ್‌ಟಿ-1 ಎಂಬ ಹೆಸರಿದೆ, ಮತ್ತು ಅದು ತೆರೆಯಲು ಗ್ಲೂಕೋಸಿನ ಜೊತೆ ಸೋಡಿಯಂ ಕೂಡ ಇರಬೇಕು. ಈ ಬಾಗಿಲಿನಿಂದ ಒಳಹೋಗಿ ಬಳಕೆಯಾಗುವ ಗ್ಲೂಕೋಸಿನ ಪ್ರಮಾಣ ಗಂಟೆಗೆ 60 ಗ್ರಾಂ ಹತ್ತಿರ ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚು ಕುಡಿದದ್ದು ಕರುಳಿನಲ್ಲೇ ಉಳಿದು ತೊಂದರೆ ಕೊಡುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸಿಗೆ ಬೇರೆಯದೇ ಬಾಗಿಲು, ಗ್ಲುಟ್-5. ಎರಡನ್ನೂ ಬೆರೆಸಿ ಕೊಟ್ಟರೆ ಎರಡೂ ಬಾಗಿಲು ಏಕಕಾಲಕ್ಕೆ ತೆರೆದು ಗಂಟೆಗೆ 90 ಗ್ರಾಂ ತನಕ ಸಾಗಿಸಬಹುದು ಎಂಬುದನ್ನು ಆಸ್ಕರ್ ಯೂಕೆಂಡ್ರುಪ್ ಮತ್ತು ಅವರ ಸಹೋದ್ಯೋಗಿಗಳು 2000ದ ದಶಕದಲ್ಲಿ ತೋರಿಸಿಕೊಟ್ಟರು. ಅಂಗಡಿಯ ಪುಡಿಗಳ ಮೇಲೆ ಕಾಣುವ '2:1' ಎಂಬ ಬರಹ ಇದರದ್ದೇ: ಗ್ಲೂಕೋಸ್ ಎರಡು ಪಾಲು, ಫ್ರಕ್ಟೋಸ್ ಒಂದು ಪಾಲು.

ನಮ್ಮ ಅಡುಗೆಮನೆಯ ಸಕ್ಕರೆ ಎಂದರೆ ಸುಕ್ರೋಸ್. ಅದರ ಪ್ರತಿ ಅಣುವಿನಲ್ಲೂ ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಕೈಹಿಡಿದುಕೊಂಡಿರುತ್ತವೆ, ಕರುಳಿನಲ್ಲಿ ಬಿಡಿಯಾಗುತ್ತವೆ. ಅಂದರೆ ಎರಡು ಬಾಗಿಲಿನ ಸೌಲಭ್ಯ ಡಬ್ಬದಲ್ಲಿರುವ ಸಕ್ಕರೆಗೇ ಇದೆ.

750 ಮಿಲಿಲೀಟರ್ ಬಾಟಲಿಗೆ 60 ಗ್ರಾಂ ಸಕ್ಕರೆ, ಅಂದರೆ ತಲೆತಟ್ಟಿದ ಐದು ದೊಡ್ಡ ಚಮಚ. ಕಾಲು ಟೀ ಚಮಚ ಉಪ್ಪು, ಅಂದರೆ ಸುಮಾರು ಒಂದೂವರೆ ಗ್ರಾಂ. ಅರ್ಧ ನಿಂಬೆಹಣ್ಣಿನ ರಸ. ಇದು ಒಂದು ಗಂಟೆಯ ಪಾನೀಯ. ಇದರ ಸಾಂದ್ರತೆ ನೂರಕ್ಕೆ 8ರಷ್ಟಾಗುತ್ತದೆ, ಅದರಲ್ಲಿ ಕರಗಿರುವ ಕಣಗಳ ಸಂಖ್ಯೆ ರಕ್ತದಲ್ಲಿರುವುದಕ್ಕೆ ಹೆಚ್ಚುಕಡಿಮೆ ಸಮ. ಆದ್ದರಿಂದ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲದೆ ಮುಂದೆ ಸಾಗುತ್ತದೆ. ಔಷಧದಂಗಡಿಯ ಗ್ಲೂಕೋಸ್ ಪುಡಿಯನ್ನು ಅಷ್ಟೇ ತೂಕದಲ್ಲಿ ಹಾಕಿದರೆ ಸಕ್ಕರೆಯ ಕಣಗಳು ಸುಮಾರು ಎರಡು ಪಟ್ಟಾಗಿ ದ್ರಾವಣ ಗಾಢವಾಗುತ್ತದೆ. ಇಡೀ ಬಾಟಲಿಯನ್ನು ಬರೀ ಗ್ಲೂಕೋಸಿನಿಂದ ತುಂಬುವುದಕ್ಕೆ ನಾನು ಒಪ್ಪದಿರುವುದು ಇದಕ್ಕಾಗಿ. ಅಭ್ಯಾಸವಾದ ಮೇಲೆ ಗಂಟೆಗೆ 90 ಗ್ರಾಂ ಬೇಕೆನಿಸಿದರೆ 60 ಗ್ರಾಂ ಸಕ್ಕರೆಗೆ 30 ಗ್ರಾಂ ಗ್ಲೂಕೋಸ್ ಪುಡಿ ಸೇರಿಸಿ. ಸಕ್ಕರೆಯಿಂದ ಬಂದ 30 ಮತ್ತು ಪುಡಿಯ 30 ಕೂಡಿ ಗ್ಲೂಕೋಸ್ 60 ಗ್ರಾಂ, ಫ್ರಕ್ಟೋಸ್ 30 ಗ್ರಾಂ. ದುಬಾರಿ ಪೊಟ್ಟಣದ 2:1 ನಿಮ್ಮ ಅಡುಗೆಮನೆಯಲ್ಲೇ ಸಿದ್ಧವಾಯಿತು. ಇಷ್ಟು ಗಾಢವಾದ ಬಾಟಲಿಯ ಜೊತೆಗೆ ಬರೀ ನೀರಿನ ಇನ್ನೊಂದು ಬಾಟಲಿ ಇರಲೇಬೇಕು.

ಹಾಗಾದರೆ ಕೊಳ್ಳುವ ಪುಡಿಯಲ್ಲಿ ವಿಶೇಷವೇನು? ಅದರ ಮುಖ್ಯ ವಸ್ತು ಮಾಲ್ಟೋಡೆಕ್ಸ್‌ಟ್ರಿನ್. ಮೆಕ್ಕೆಜೋಳದಂಥ ಧಾನ್ಯದ ಪಿಷ್ಟವನ್ನು ಒಡೆದು ಮಾಡಿದ ಗ್ಲೂಕೋಸಿನ ಸಣ್ಣ ಸರಪಳಿ. ಅದಕ್ಕೆ ಸಿಹಿ ಬಹಳ ಕಡಿಮೆ. ಎಂಟು ಗಂಟೆ ಸಕ್ಕರೆ ನೀರು ಕುಡಿದ ಬಾಯಿ ಸಿಹಿಯನ್ನು ಕಂಡರೆ ಮುಖ ತಿರುಗಿಸುವ ಹೊತ್ತಿನಲ್ಲಿ ಈ ಗುಣ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. 600 ಕಿಲೋಮೀಟರ್ ಸವಾರಿಯ ಎರಡನೆಯ ದಿನಕ್ಕಾಗಿ ಒಂದೆರಡು ಪೊಟ್ಟಣ ಕೊಂಡಿಟ್ಟುಕೊಳ್ಳುವುದು ದುಂದಲ್ಲ. 100 ಕಿಲೋಮೀಟರಿಗೆ ಅದರ ಅಗತ್ಯವಿಲ್ಲ.

ಕಣ್ಣಂದಾಜಿನಲ್ಲಿ ಹಾಕಬೇಡಿ, ದಯವಿಟ್ಟು. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಹಿಂದಿನ ರಾತ್ರಿಯೇ ತೂಗಿ, ಗಂಟೆಗೊಂದರಂತೆ ಸಕ್ಕರೆ ಮತ್ತು ಉಪ್ಪಿನ ಪೊಟ್ಟಣ ಕಟ್ಟಿಟ್ಟುಕೊಳ್ಳಿ. ನಾನು ಝಿಪ್ ಇರುವ ಸಣ್ಣ ಚೀಲದ ಒಂದು ಮೂಲೆಯನ್ನು ಚೂಪಾಗಿ ಮಡಚಿ ಜರ್ಸಿಯ ಜೇಬಿಗೆ ಸೇರಿಸುತ್ತೇನೆ; ಆ ಮೂಲೆಯನ್ನು ಕತ್ತರಿಸಿ ಬಾಟಲಿಯ ಬಾಯಿಗೆ ಹಿಡಿದರೆ ಗಾಳಿ ಬೀಸುವ ರಸ್ತೆಯಲ್ಲೂ ಒಂದು ಕಾಳು ಚೆಲ್ಲುವುದಿಲ್ಲ. ಬಾಟಲಿಗೆ ಮೊದಲು ಅರ್ಧ ನೀರು ಹಾಕಿ, ಆಮೇಲೆ ಪುಡಿ ಹಾಕಿ ಕುಲುಕಿ, ಉಳಿದ ನೀರು ತುಂಬಿ. ಪುಡಿ ಮೊದಲು ಹಾಕಿದರೆ ತಳದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಕೊನೆಯ ಗುಟುಕು ಪಾಕವಾಗಿರುತ್ತದೆ.

ಪ್ರಶ್ನೆ: ಎಳನೀರು, ಕಬ್ಬಿನ ಹಾಲು, ಮಜ್ಜಿಗೆ, ಬೆಲ್ಲದ ಪಾನಕ ಇಷ್ಟೆಲ್ಲ ನಮ್ಮಲ್ಲೇ ಇರುವಾಗ ಬೇರೆ ಪಾನೀಯ ಏಕೆ ಬೇಕು? (ಪುತ್ತೂರು)

ಉತ್ತರ: ನೀವು ಹೆಸರಿಸಿದ ನಾಲ್ಕೂ ಒಳ್ಳೆಯವೇ, ಆದರೆ ನಾಲ್ಕರ ಕೆಲಸವೂ ಬೇರೆ ಬೇರೆ. ಎಳನೀರಿನ 100 ಮಿಲಿಲೀಟರಿನಲ್ಲಿ ಸಕ್ಕರೆ ಇರುವುದು 3ರಿಂದ 5 ಗ್ರಾಂ ಮಾತ್ರ, ಹಾಗಾಗಿ ಒಂದು ಇಡೀ ಬೊಂಡ ಕುಡಿದರೂ ಗಂಟೆಯ ಅಗತ್ಯದ ಕಾಲುಭಾಗ ತುಂಬುವುದು ಕಷ್ಟ. ಅದರಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಉಪ್ಪು ಹಾಕಿದ ಮಜ್ಜಿಗೆ ಸೋಡಿಯಂ ಕೊಡುತ್ತದೆ, ಶಕ್ತಿ ಕೊಡುವುದಿಲ್ಲ. ಕಬ್ಬಿನ ಹಾಲಿನಲ್ಲಿ ನೂರಕ್ಕೆ 12ರಿಂದ 15ರಷ್ಟು ಸಕ್ಕರೆಯಿರುವುದರಿಂದ ಒಂದು ಲೋಟದಲ್ಲಿ 30 ಗ್ರಾಂ ದಾಟುತ್ತದೆ; ಮಂಡ್ಯದ ಹಾದಿಯಲ್ಲಿ ಗಾಣದ ಗೆಜ್ಜೆ ಕೇಳಿದಾಗ ನಾನೂ ನಿಲ್ಲುತ್ತೇನೆ, ಐಸ್ ಬೇಡವೆಂದು ಹೇಳಿ, ಅಷ್ಟೇ ನೀರು ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕುಡಿಯುತ್ತೇನೆ. ಐಸ್ ಯಾವ ನೀರಿನದೆಂದು ತಿಳಿಯದೆ ಕುಡಿದು ಸವಾರಿ ಅರ್ಧಕ್ಕೆ ನಿಲ್ಲಿಸಿದವರನ್ನು ಬಲ್ಲೆ.

ಪಾನಕದ ಮಾತು ಬೇರೆ. ರಾಮನವಮಿಯ ಬಿಸಿಲಿನಲ್ಲಿ ಹಂಚುವ ಬೆಲ್ಲದ ಪಾನಕವನ್ನು ಒಮ್ಮೆ ಬಿಡಿಸಿ ನೋಡಿ: ಸುಕ್ರೋಸೇ ಹೆಚ್ಚಾಗಿದ್ದು ಸ್ವಲ್ಪ ಬಿಡಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿರುವ ಬೆಲ್ಲ, ಹುಳಿಗೆ ನಿಂಬೆ, ಓಕರಿಕೆ ತಡೆಯುವ ಶುಂಠಿ, ಬಾಯಿಗೆ ಹಿತವಾಗುವ ಏಲಕ್ಕಿ. ಉಪ್ಪೊಂದನ್ನು ಸೇರಿಸಿದರೆ ಇದು ಪೂರ್ಣ ಪ್ರಮಾಣದ ಸವಾರಿ ಪಾನೀಯ. 750 ಮಿಲಿಲೀಟರಿಗೆ 65 ಗ್ರಾಂ ಬೆಲ್ಲ, ಕಾಲು ಟೀ ಚಮಚ ಉಪ್ಪು, ಒಂದು ಚಿಟಿಕೆ ಒಣಶುಂಠಿ ಪುಡಿ ಸಾಕು. ಬೆಲ್ಲವನ್ನು ಬಿಸಿನೀರಿನಲ್ಲಿ ಕರಗಿಸಿ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಇಲ್ಲವಾದರೆ ಕಬ್ಬಿನ ಸಿಬಿರು, ಮರಳು ಬಾಟಲಿಯ ಬಾಯಲ್ಲಿ ಸಿಕ್ಕಿಕೊಂಡು ಪಾನೀಯ ಬರದೇ ಹೋಗುತ್ತದೆ. ಬಿಸಿಲಿನಲ್ಲಿ ಪಾನಕ ಬೇಗ ಹುಳಿಯುವುದರಿಂದ ಇದನ್ನು ಸವಾರಿಯ ಮೊದಲ ಎರಡು ಮೂರು ಗಂಟೆಗೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ವೃತ್ತಿಪರರು ಗಂಟೆಗೆ 120 ಗ್ರಾಂ ತೆಗೆದುಕೊಳ್ಳುತ್ತಾರೆ ಎಂದು ಓದಿ ನಾನೂ 100 ಗ್ರಾಂ ಪ್ರಯತ್ನಿಸಿದೆ. ಮೂರನೆಯ ಗಂಟೆಗೆ ಹೊಟ್ಟೆ ಉಬ್ಬಿ, ವಾಂತಿಯಾಯಿತು. ನನ್ನ ಕರುಳಿನಲ್ಲಿ ದೋಷವಿದೆಯೇ? (ಹುಬ್ಬಳ್ಳಿ)

ಉತ್ತರ: ದೋಷವಿಲ್ಲ, ಅಭ್ಯಾಸವಿಲ್ಲ. ಕಾಲಿಗೆ ತರಬೇತಿ ಕೊಟ್ಟ ಹಾಗೆ ಕರುಳಿಗೂ ಕೊಡಬೇಕು. ಹೆಚ್ಚು ಕಾರ್ಬೋಹೈಡ್ರೇಟ್ ತೆಗೆದುಕೊಳ್ಳುತ್ತಾ ಹೋದಂತೆ ಕೆಲವು ವಾರಗಳಲ್ಲಿ ಅದು ಹೊಂದಿಕೊಳ್ಳುತ್ತದೆ. ವಾರಕ್ಕೊಂದು ದೀರ್ಘ ಸವಾರಿಯಲ್ಲಿ ಗಂಟೆಗೆ 40 ಗ್ರಾಂನಿಂದ ಆರಂಭಿಸಿ, ಪ್ರತಿ ವಾರ ಹತ್ತು ಗ್ರಾಂ ಏರಿಸಿ, ಹೊಟ್ಟೆ ಮುನಿದರೆ ಅಲ್ಲೇ ಎರಡು ವಾರ ನಿಲ್ಲಿ. 120 ಗ್ರಾಂ ತೆಗೆದುಕೊಳ್ಳುವವರು ಅಷ್ಟನ್ನು ಉರಿಸುವ ವೇಗದಲ್ಲಿ ಹೋಗುವವರು. ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಮಾತಾಡುತ್ತಾ ಹೋಗುವ ನಮಗೆ ಅದರ ಅರ್ಧ ಸಾಕು, ಉಳಿದದ್ದಕ್ಕೆ ದಾರಿಯ ಬಾಳೆಹಣ್ಣು, ಇಡ್ಲಿ, ಅವಲಕ್ಕಿ ಇವೆ. ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದನ್ನು ತಿಂದ ಗಂಟೆಯಲ್ಲಿ ಬಾಟಲಿಯ ಲೆಕ್ಕದಿಂದ ಅಷ್ಟನ್ನು ಕಳೆಯುವುದನ್ನು ಮರೆಯಬೇಡಿ. ನಿಮ್ಮ ಪತ್ರದಲ್ಲಿ 100 ಗ್ರಾಂ ಪಾನೀಯದ ಜೊತೆಗೆ ಎರಡು ಬಾಳೆಹಣ್ಣು ಕೂಡ ತಿಂದದ್ದಾಗಿ ಬರೆದಿದ್ದೀರಿ. ಅಲ್ಲಿಗೆ 150 ಗ್ರಾಂ ಆಯಿತು.

ಪ್ರಶ್ನೆ: ನಮ್ಮೂರಿನ ಬಿಸಿಲಿನಲ್ಲಿ ಎಷ್ಟು ನೀರು ಕುಡಿದರೂ ಸಾಲದು. ಕಳೆದ ಏಪ್ರಿಲ್‌ನಲ್ಲಿ ಆರು ಗಂಟೆಯಲ್ಲಿ ಎಂಟು ಲೀಟರ್ ಬರೀ ನೀರು ಕುಡಿದು ತಲೆನೋವು, ವಾಕರಿಕೆ ಬಂತು, ಬೆರಳು ಊದಿ ಉಂಗುರ ಬಿಗಿಯಾಯಿತು. ಓಆರ್‌ಎಸ್ ಕುಡಿದಿದ್ದರೆ ಸರಿಹೋಗುತ್ತಿತ್ತೇ? (ಬಳ್ಳಾರಿ)

ಉತ್ತರ: ನೀವು ವಿವರಿಸಿದ್ದು ನೀರು ಸಾಲದೆ ಆದದ್ದಲ್ಲ, ಹೆಚ್ಚಾಗಿ ಆದದ್ದಿರಬೇಕು. ಬೆವರಿನ ಒಂದು ಲೀಟರಿನಲ್ಲಿ ಸರಾಸರಿ ಒಂದು ಗ್ರಾಂನ ಆಸುಪಾಸು ಸೋಡಿಯಂ ಹೋಗುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಸವಾರಿ ಮುಗಿದ ಮೇಲೆ ಕಪ್ಪು ಜರ್ಸಿಯ ಬೆನ್ನಿನಲ್ಲಿ, ಹೆಲ್ಮೆಟ್ ಪಟ್ಟಿಯಲ್ಲಿ ಬಿಳಿ ಗೆರೆ ಮೂಡುವವರು ಅಂಥವರು. ಹೋದ ಉಪ್ಪಿನ ಜಾಗಕ್ಕೆ ಬರೀ ನೀರನ್ನೇ, ಅದೂ ಬೆವರಿಗಿಂತ ಹೆಚ್ಚು ತುಂಬುತ್ತಾ ಹೋದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇದು ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿ. ಮತ್ತೊಮ್ಮೆ ತಲೆನೋವು, ಬೆರಳಿನ ಊತದ ಜೊತೆ ಗಲಿಬಿಲಿ ಅಥವಾ ವಾಂತಿ ಕಂಡರೆ ನೀರು ಕುಡಿಯುವುದನ್ನು ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ.

ಎಷ್ಟು ಕುಡಿಯಬೇಕೆಂಬುದನ್ನು ಮನೆಯಲ್ಲೇ ಅಳೆಯಬಹುದು. ಸವಾರಿಗೆ ಮುನ್ನ ಮತ್ತು ನಂತರ ತೂಕ ನೋಡಿ. ಒಂದು ಕಿಲೋ ಇಳಿದರೆ ಸುಮಾರು ಒಂದು ಲೀಟರ್ ಬಾಕಿ ಇದೆ ಎಂದರ್ಥ, ಸ್ವಲ್ಪ ಇಳಿಯುವುದು ಸರಿಯೇ. ತೂಕ ಏರಿದ್ದರೆ ಮಿತಿಮೀರಿ ಕುಡಿದಿದ್ದೀರಿ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ ಕೊಡುತ್ತದೆ. ಬೇಧಿಯಿಂದ ನಿತ್ರಾಣವಾದವರಿಗಾಗಿ ಮಾಡಿದ್ದು ಅದು. ಅಲ್ಲಿ ಗ್ಲೂಕೋಸ್ ಇರುವುದು ಸೋಡಿಯಂ ಮತ್ತು ನೀರನ್ನು ಕರುಳಿನ ಬಾಗಿಲು ದಾಟಿಸುವುದಕ್ಕೆ, ಪೆಡಲ್ ತುಳಿಯುವುದಕ್ಕಲ್ಲ. ಆದ್ದರಿಂದ ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಗೆ ನಾನು ಹೇಳುವುದು ಎರಡು ಬಾಟಲಿಯ ಕ್ರಮ: ಒಂದರಲ್ಲಿ ಮೇಲೆ ಹೇಳಿದ ಸಕ್ಕರೆ ಪಾನೀಯ, ಇನ್ನೊಂದರಲ್ಲಿ ಓಆರ್‌ಎಸ್ ಅಥವಾ ಉಪ್ಪು ನಿಂಬೆಯ ನೀರು. ಶಕ್ತಿಯ ಬಾಟಲಿಯನ್ನು ಗಡಿಯಾರ ನೋಡಿ ಕುಡಿಯಿರಿ, ನೀರಿನ ಬಾಟಲಿಯನ್ನು ಬಾಯಾರಿಕೆ ನೋಡಿ ಕುಡಿಯಿರಿ. ಎರಡನ್ನೂ ಒಂದೇ ಬಾಟಲಿಯಲ್ಲಿ ಬೆರೆಸಿದರೆ ಬಿಸಿಲು ಏರಿದಂತೆ ಸಕ್ಕರೆಯೂ ಅಳತೆ ಮೀರಿ ಒಳಹೋಗುತ್ತದೆ.

ಪ್ರಶ್ನೆ: ದಿನವೂ ಬೆಳಿಗ್ಗೆ 20 ಕಿಲೋಮೀಟರ್ ಹೋಗುತ್ತೇನೆ. ನಾನೂ ಈ ಪಾನೀಯ ಕುಡಿಯಬೇಕೇ? (ದಾವಣಗೆರೆ)

ಉತ್ತರ: ಬೇಡ, ನೀರು ಸಾಕು. ಒಂದು ಗಂಟೆಯ ಸವಾರಿಗೆ ನಿಮ್ಮೊಳಗಿನ ದಾಸ್ತಾನು ಧಾರಾಳ.

ಪ್ರಶ್ನೆ: ನನಗೆ 58 ವರ್ಷ, ಹತ್ತು ವರ್ಷದಿಂದ ಮಧುಮೇಹವಿದೆ, ಮಾತ್ರೆಯಲ್ಲಿದೆ. ಮಗನ ಜೊತೆ 100 ಕಿಲೋಮೀಟರ್ ಹೋಗಬೇಕೆಂಬ ಆಸೆ. ಸಕ್ಕರೆ ನೀರು ಕುಡಿಯಬಹುದೇ? (ಶಿವಮೊಗ್ಗ)

ಉತ್ತರ: ನಿಮ್ಮ ಆಸೆ ಅಸಾಧ್ಯವಾದದ್ದಲ್ಲ, ಮಧುಮೇಹವಿರುವ ಸವಾರರೇ ಇರುವ ಟೀಮ್ ನೋವೊ ನಾರ್ಡಿಸ್ಕ್ ಎಂಬ ವೃತ್ತಿಪರ ತಂಡವೇ ಇದೆ. ಆದರೆ ನಿಮ್ಮ ವೈದ್ಯರನ್ನು ಕಾಣದೆ ಹೊರಡಬೇಡಿ, ಕಾಣುವಾಗ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ, ಏಕೆಂದರೆ ಉತ್ತರ ನಿಂತಿರುವುದು ಅದರ ಮೇಲೆ. ಮೆಟ್‌ಫಾರ್ಮಿನ್ ಒಂದರಿಂದಲೇ ಸವಾರಿಯಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಇಳಿಯುವ ಸಂಭವ ಹೆಚ್ಚು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಯಿದ್ದರೆ ನೀರಿನಂಶ ಕಳೆದುಹೋಗುವ ಮತ್ತು ರಕ್ತದಲ್ಲಿ ಕೀಟೋನ್ ಏರುವ ಅಪಾಯದ ಬಗ್ಗೆ ಅವರೇ ವಿವರಿಸಬೇಕು.

ತುಳಿಯುತ್ತಿರುವ ಸ್ನಾಯು ಇನ್ಸುಲಿನ್ ಹೆಚ್ಚಿಲ್ಲದಿದ್ದರೂ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ದೀರ್ಘ ಸವಾರಿಯಲ್ಲಿ ನಿಮಗೂ ಸ್ವಲ್ಪ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ಎಷ್ಟೆಂಬುದನ್ನು ಗ್ಲುಕೋಮೀಟರ್ ಹೇಳಬೇಕು, ನಾನಲ್ಲ. ಹೊರಡುವ ಮುನ್ನ, ಪ್ರತಿ ಗಂಟೆಗೊಮ್ಮೆ, ಮುಗಿದ ಮೇಲೆ ಪರೀಕ್ಷಿಸಿ. ರಕ್ತದ ಸಕ್ಕರೆ 70ಕ್ಕಿಂತ (ಮಿಲಿಗ್ರಾಂ/ಡೆಸಿಲೀಟರ್) ಕೆಳಗಿಳಿದರೆ ಸೈಕಲ್ ನಿಲ್ಲಿಸಿ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಆ ರಾತ್ರಿ ನಿದ್ದೆಯಲ್ಲೂ ಇಳಿಯಬಹುದಾದ್ದರಿಂದ ಮಲಗುವ ಮುನ್ನ ಇನ್ನೊಮ್ಮೆ ಪರೀಕ್ಷಿಸಿ. ಮಗನಿಗೂ ಈ ಲೆಕ್ಕ ಗೊತ್ತಿರಲಿ, ಗ್ಲೂಕೋಸ್ ಪೊಟ್ಟಣ ಇಬ್ಬರ ಜೇಬಿನಲ್ಲೂ ಇರಲಿ.

ಪ್ರಶ್ನೆ: ಸಕ್ಕರೆ ಪಾನೀಯ ಹಾಕಿದ ಬಾಟಲಿಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತದೆ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಹಲ್ಲಿಗೂ ತೊಂದರೆಯೇ? (ಧಾರವಾಡ)

ಉತ್ತರ: ಬೂಷ್ಟು ಕೂರುವುದು ಹೆಚ್ಚಾಗಿ ಮುಚ್ಚಳದ ಒಳಗೆ, ನಾವು ಬಾಯಿಟ್ಟು ಎಳೆಯುವ ಆ ಮೃದುವಾದ ತುದಿಯ ಹಿಂಬದಿಯಲ್ಲಿ. ಬಿಚ್ಚಲು ಬರುವ ಮುಚ್ಚಳವಿರುವ ಬಾಟಲಿಯನ್ನೇ ಕೊಳ್ಳಿ. ಮನೆಗೆ ಬಂದ ಕೂಡಲೇ, ಸ್ನಾನಕ್ಕೂ ಮೊದಲು, ತುದಿಯನ್ನು ಕಿತ್ತು ಬಿಸಿನೀರು ಮತ್ತು ಸೋಪಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮುಚ್ಚಳ ಹಾಕದೆ ತಲೆಕೆಳಗಾಗಿ ಒಣಗಿಸಿ. ವಾಸನೆ ಉಳಿದರೆ ಎರಡು ಚಮಚ ಅಡುಗೆ ಸೋಡಾ ಹಾಕಿದ ಬಿಸಿನೀರನ್ನು ರಾತ್ರಿಯಿಡೀ ತುಂಬಿಡಿ. ಒಳಗೋಡೆಯಲ್ಲಿ ಕಪ್ಪು ಚುಕ್ಕೆ ಒಮ್ಮೆ ಬೇರೂರಿದರೆ ಆ ಬಾಟಲಿಯನ್ನು ಬಿಸಾಡಿ.

ಹಲ್ಲಿಗೆ ತೊಂದರೆ ಇದೆ. ಗಂಟೆಗಟ್ಟಲೆ ಗುಟುಕು ಗುಟುಕಾಗಿ ಸಕ್ಕರೆ ಮತ್ತು ನಿಂಬೆಹುಳಿ ಬಾಯಲ್ಲಿ ಆಡುತ್ತಿದ್ದರೆ ಹಲ್ಲಿನ ಹೊರಪದರ ಸವೆಯುತ್ತದೆ. ಸಕ್ಕರೆ ಪಾನೀಯದ ಪ್ರತಿ ಗುಟುಕಿನ ಹಿಂದೆ ಇನ್ನೊಂದು ಬಾಟಲಿಯ ನೀರನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನುಂಗಿ. ಹುಳಿಯಿಂದ ಮೆದುವಾದ ಹಲ್ಲನ್ನು ಸವಾರಿ ಮುಗಿದ ತಕ್ಷಣ ಉಜ್ಜಬೇಡಿ, ಅರ್ಧ ಮುಕ್ಕಾಲು ಗಂಟೆ ಕಳೆದ ಮೇಲೆ ಉಜ್ಜಿ.